ಸಾಹೇಬರ ಮೇಜಿಗೆ ಹೋದ ಕೆಂಪು ಗುರುತು

ಗೆಳೆಯರೇ, ಆಡಳಿತದವರು ನಮ್ಮ ಯೂನಿಯನ್ನಿಗೆ ಕೊಡುತ್ತೇವೆ ಎಂದಿದ್ದು: ತಪಾಸಣೆಯ ಸರೋಜಮ್ಮನಿಗೆ ಒಬ್ಬರು ಜೊತೆಗಾರರು. ಇಂದು ಹೇಳಿದ್ದು: ಜೊತೆಗಾರರಿಲ್ಲ, ಸರೋಜಮ್ಮನೂ ಪ್ಯಾಕಿಂಗಿಗೆ.

ರಾಜಾಜಿನಗರದ ನಮ್ಮ ವಿಮಾನ ಬಿಡಿಭಾಗಗಳ ಕಾರ್ಖಾನೆಯ ಮ್ಯಾನೇಜರ್ ಸಾಹೇಬರು, ಮಾಲು ಯಾವ ಮೇಜಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆಂಬ ಲೆಕ್ಕವನ್ನು ಲ್ಯಾಪ್‌ಟಾಪ್‌ನಲ್ಲಿ ತೋರಿಸಿದರು. "ಸಿಂಪಲ್ ಮಾಡೆಲ್ ಕಣ್ರೀ, ಸುಳ್ಳು ಹೇಳಲ್ಲ. ಮಾಲು ಎಲ್ಲಿ ನಿಲ್ಲುತ್ತೋ ಅಲ್ಲಿ ಕೆಂಪು." ಕೆಂಪಾಗಿದ್ದದ್ದು ಸರೋಜಮ್ಮನ ಮೇಜು.

ಸರೋಜಮ್ಮ ಕೇಳಿದರು: "ಸಾರ್, ನಾನು ನೋಡಿ ಮುಗಿಸಿದ್ಮೇಲೆ ನಿಮ್ಮ ಸೈನಿಗೆ ಕಾಯೋ ಹೊತ್ತನ್ನೂ ನನ್ನ ತಲೆಗೇ ಕಟ್ಟಿದೀರಲ್ಲ? ಅದಕ್ಕೊಂದು ಬೇರೆ ಸಾಲು ಹಾಕ್ಸಿ."

ಆ ಮಾಡೆಲ್ ಮಾಡಿದ್ದ ಎಂಜಿನಿಯರ್ ಸಾಲು ಹಾಕಿದ. ಕೆಂಪು ಸೀದಾ ಸಾಹೇಬರ ಮೇಜಿಗೆ ಹೋಗಿ ಕೂತಿತು.

"ಇಷ್ಟು ಸಿಂಪಲ್ ಮಾಡೆಲ್‌ನ ನಂಬಕ್ಕಾಗತ್ತೇನ್ರೀ?" ಎಂದರು ಸಾಹೇಬರು.

ಸರೋಜಮ್ಮ ತಪಾಸಣೆಯಲ್ಲೇ ಇರುತ್ತಾರೆಂದು ಕಾಗದದಲ್ಲಿ ಬರೆಸಿದ್ದೇವೆ. ಅದೂ ಈಗ ಸಾಹೇಬರ ಸಹಿಗೆ ಕಾಯುತ್ತಿದೆ. ಮುಂದಿನ ಸಭೆ ಅದೇ ಮೇಜಿನ ಮುಂದೆ, ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ.