ಭಾನುವಾರದ ಖಾಲಿ ದಿಮ್ಮಿ

ಕಾಲೊಲೈನೆಯ ಬಲಗಿವಿ ಮುಚ್ಚಿಕೊಂಡು ಬಹಳ ಕಾಲವಾಗಿತ್ತು. ಗಂಡ ತೊಮಾಸಿ ಏನಾದರೂ ಹೇಳಬೇಕಾದರೆ ಸುತ್ತಿಕೊಂಡು ಅವಳ ಎಡಗಡೆಗೆ ಬರುತ್ತಿದ್ದ. ಬೇಡವಾದ ಮಾತನ್ನೆಲ್ಲ ಅವಳು ಬಲಗಿವಿಗೇ ಹಾಕಿಕೊಳ್ಳುತ್ತಾಳೆ ಎಂದು ನಗುತ್ತಿದ್ದ. ಬದುಕು ಹಾಗೇ ನಡೆದುಹೋಗುತ್ತಿತ್ತು. ಪಟ್ಟಣದಿಂದ ದೋಣಿಯಲ್ಲಿ ನರ್ಸುಗಳು ಬಂದು, ವವಾಉ ದ್ವೀಪದ ನಮ್ಮ ಊರಿನ ಚರ್ಚಿನ ಪಕ್ಕದ ಸಭಾಂಗಣದಲ್ಲಿ ತಪಾಸಣೆ ಇಟ್ಟಾಗ, ಸಕ್ಕರೆ ಕಾಯಿಲೆಯ ಪರೀಕ್ಷೆಗೆ ರಕ್ತ ಕೊಡಲು ಹೋದವಳು ಕಿವಿಯನ್ನೂ ತೋರಿಸಿದಳು. ಗುಗ್ಗೆ ಕಲ್ಲಿನಂತೆ ಗಟ್ಟಿಯಾಗಿತ್ತು. ಬೆಚ್ಚಗಿನ ನೀರು ಬಿಟ್ಟು ಬಿಟ್ಟು ತೆಗೆದರು.

ಮನೆಗೆ ಬರುವ ದಾರಿಯಲ್ಲಿ ಕೋಳಿ ಮಣ್ಣು ಕೆದರುವ ಸದ್ದೂ ಅವಳಿಗೆ ಕೇಳಿಸಿತು. ನಿಂತು ನಿಂತು ಕೇಳಿದಳು. ಸಂಜೆಯ ಹೊತ್ತಿಗೆ ಅದೇ ಕಿವಿಯೊಳಗೆ ಜೀರುಂಡೆಯಂಥ ಸಣ್ಣ ಕೂಗು ಶುರುವಾಯಿತು. ಬೆಳಿಗ್ಗೆಯೂ ಇತ್ತು. ಆಮೇಲೆ ನಿಲ್ಲಲೇ ಇಲ್ಲ.

ಊರಿನ ಮದ್ದಿನ ಅಜ್ಜಿ ಎಲೆಯ ರಸ ಹಿಂಡಿದಳು. ಗುಣ ಕಾಣಲಿಲ್ಲ. ಮುಂದಿನ ಸಲ ಬಂದ ನರ್ಸ್ ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, ಒಳಗೆಲ್ಲ ಸ್ವಚ್ಛವಾಗಿದೆ, ಗಾಯವೇನೂ ಇಲ್ಲ ಎಂದಳು. ಕೆಲವರಿಗೆ ಹೀಗಾಗುವುದುಂಟು, ತಾನಾಗಿ ಹೋಗಲೂಬಹುದು, ಉಳಿಯಲೂಬಹುದು, ಅಲ್ಲಿಯವರೆಗೆ ಪೂರ್ತಿ ನಿಶ್ಶಬ್ದದಲ್ಲಿ ಕೂರಬೇಡ, ಸುತ್ತ ಏನಾದರೂ ಸದ್ದಿರಲಿ ಎಂದು ಹೇಳಿ ಕಳಿಸಿದಳು.

ಸದ್ದಿಗೆ ವಾರದ ದಿನಗಳಲ್ಲಿ ಕೊರತೆಯಿರಲಿಲ್ಲ. ಹೆಂಗಸರು ತೊಗಟೆಬಟ್ಟೆ ಮಾಡುವ ಉದ್ದನೆಯ ದಿಮ್ಮಿ ಇದ್ದದ್ದು ಅವಳ ಅಂಗಳದಲ್ಲೇ. ನೆನೆಸಿದ ತೊಗಟೆಯನ್ನು ಅದರ ಮೇಲೆ ಹಾಸಿ, ಸಾಲಾಗಿ ಕೂತು ಅದು ಬಟ್ಟೆಯಷ್ಟು ತೆಳ್ಳಗಾಗುವವರೆಗೆ ಕೊಡತಿಯಿಂದ ಬಡಿಯುತ್ತಿದ್ದರು. ಆ ಬಡಿತದ ಕೆಳಗೆ ಕಿವಿಯ ಕೂಗು ಮುಳುಗಿಹೋಗುತ್ತಿತ್ತು. ಕಾಲೊಲೈನೆ ತನ್ನ ಪಾಲು ಮುಗಿಸಿ ಬೇರೆಯವರ ಪಾಲನ್ನೂ ಎಳೆದುಕೊಂಡು ಬಡಿಯತೊಡಗಿದಳು. ಪಕ್ಕದ ಮನೆಯ ಲೂಪೆ ಸುಮ್ಮನಿರುವವಳಲ್ಲ.

"ತೊಮಾಸಿ ಇಷ್ಟು ವರ್ಷ ಹೇಳಿದ್ದೆಲ್ಲ ನಿನ್ನ ಬಲಗಿವೀಲಿ ಶೇಖರ ಆಗಿತ್ತು ಕಣೇ. ಬಾಗಿಲು ತೆಗೆದ್ರಲ್ಲ, ಈಗ ಒಟ್ಟಿಗೆ ಹೊರಡ್ತಿದೆ," ಎಂದಳು. ಎಲ್ಲರೂ ನಕ್ಕರು. ಕಾಲೊಲೈನೆಯೂ ನಕ್ಕಳು, ಕೊಡತಿ ಮಾತ್ರ ನಿಲ್ಲಿಸಲಿಲ್ಲ.

ಕಷ್ಟವಿದ್ದದ್ದು ಭಾನುವಾರ. ಆ ದಿನ ಕೆಲಸ ಮಾಡುವುದು ಪಾಪವೆಂದು ದೇಶಕ್ಕೆ ದೇಶವೇ ಕೈ ಕಟ್ಟಿ ಕೂರುತ್ತದೆ. ಅಂಗಡಿಯಿಲ್ಲ, ದೋಣಿಯಿಲ್ಲ, ಕೊಡತಿಯಿಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ಹಾಡು ಇರುತ್ತದೆ, ಅಷ್ಟು ಹೊತ್ತು ಅವಳು ಆರಾಮ. ಮನೆಗೆ ಬಂದು, ನೆಲ ಅಗೆದು ಮಾಡಿದ ಒಲೆಯಲ್ಲಿ ಬೆಂದ ಕೆಸುವಿನ ಗೆಡ್ಡೆ, ಮಾಂಸ ಉಂಡು ಊರೆಲ್ಲ ಮಲಗಿದ ಮೇಲೆ ಒಂದು ಎಲೆಯೂ ಅಲುಗುವುದಿಲ್ಲ. ಆಗ ಕಿವಿಯ ಕೂಗು ತಲೆಯ ತುಂಬ ಹರಡುತ್ತಿತ್ತು. ಫೋನಿನಲ್ಲಿ ಕೀರ್ತನೆ ಹಾಕಿ ನೋಡಿದಳು. ಆ ಸದ್ದಿನ ಮೇಲೆ ಈ ಸದ್ದು ಏರಿ ಕೂತು ಎರಡೂ ಚುಚ್ಚಿದವು. ಬೇಕಾಗಿದ್ದದ್ದು ಮರದ ಮೇಲೆ ಮರ ಬೀಳುವ ಆ ಒಂದು ಬಡಿತ.

ಅಂಥ ಒಂದು ಮಧ್ಯಾಹ್ನ ಅವಳು ಎದ್ದು ಅಂಗಳಕ್ಕೆ ಹೋದಳು. ತೊಗಟೆ ಹಾಸಲಿಲ್ಲ. ಹಾಸಿದರೆ ಕೆಲಸವಾಗುತ್ತದೆ, ಬರೀ ದಿಮ್ಮಿ ಬಡಿದರೆ ಕೆಲಸವಲ್ಲ ಎಂದು ತನಗೆ ತಾನೇ ತೀರ್ಮಾನ ಹೇಳಿಕೊಂಡು ಕೊಡತಿ ಎತ್ತಿದಳು. ಆದರೆ ಖಾಲಿ ದಿಮ್ಮಿಯ ಸದ್ದು ಬೇರೆ. ತೊಗಟೆಯಿದ್ದರೆ ಮೆತ್ತಗಿರುತ್ತದೆ, ಇಲ್ಲದಿದ್ದರೆ ಟಣಟಣ ಎನ್ನುತ್ತದೆ. ಹುಟ್ಟಿನಿಂದ ಆ ಸದ್ದು ಕೇಳಿದ ಊರು ಮಲಗಿದಲ್ಲೇ ಗುರುತು ಹಿಡಿಯಿತು. ಬಾಗಿಲುಗಳು ತೆರೆದವು. ಅವಳಿಗೆ ಅದೊಂದೂ ತಿಳಿಯಲಿಲ್ಲ. ಎಷ್ಟೋ ಹೊತ್ತಿನ ಮೇಲೆ ತಲೆಯೆತ್ತಿದರೆ ಎದುರಿಗೆ ಮೆಲಿಯಾಮೆ ನಿಂತಿದ್ದಳು.

ಮೆಲಿಯಾಮೆ ತೊಮಾಸಿಯ ಅಕ್ಕ. ನಮ್ಮಲ್ಲಿ ತಮ್ಮನ ಮನೆಯಲ್ಲಿ ಅಕ್ಕನ ಮಾತೇ ಕೊನೆಯ ಮಾತು. ಅವಳು ಬಂದರೆ ತಮ್ಮನ ಹೆಂಡತಿ ಚಾಪೆ ಹಾಸಬೇಕು, ಊಟಕ್ಕೆ ಕೂತರೆ ಪಕ್ಕದಲ್ಲಿ ಕೂತು ಬೀಸಣಿಗೆ ಬೀಸಬೇಕು. ಸಾಲದ್ದಕ್ಕೆ ಮೆಲಿಯಾಮೆ ಚರ್ಚಿನ ಮಹಿಳಾ ಸಂಘದ ಮುಖ್ಯಸ್ಥೆಯೂ ಆಗಿದ್ದಳು.

"ತೊಗಟೆ ಹಾಕಿರಲಿಲ್ಲ ಅತ್ತಿಗೆ," ಎಂದಳು ಕಾಲೊಲೈನೆ. "ಬರೀ ದಿಮ್ಮಿ. ಅದು ಕೆಲಸ ಹ್ಯಾಗಾಗುತ್ತೆ?"

"ಕೆಲಸ ಮಾಡಿದ್ದಿದ್ರೆ ದುಡ್ಡಿನ ಆಸೆಗೆ ಬಿದ್ಲು ಅಂತ ಹೇಳ್ತಿದ್ದೆ, ಪಾದ್ರಿಗಳು ಕ್ಷಮಿಸ್ತಿದ್ರು. ಖಾಲಿ ದಿಮ್ಮಿ ಬಡಿದವಳಿಗೆ ಏನು ಹೇಳ್ಲಿ? ನನ್ನ ತಮ್ಮನ ಹೆಂಡ್ತಿಗೆ ತಲೆ ಕೆಟ್ಟಿದೆ ಅಂತಾರೆ."

ಮಾರನೆಯ ದಿನ ಗಂಡಸರು ಬಂದು ದಿಮ್ಮಿಯನ್ನು ಹೊತ್ತು ಮೆಲಿಯಾಮೆಯ ಅಂಗಳಕ್ಕೆ ಸಾಗಿಸಿದರು. ಇನ್ನು ಮೇಲೆ ಎಲ್ಲರೂ ಅಲ್ಲಿಗೇ ಹೋಗಿ ಬಡಿಯಬೇಕು, ಮೆಲಿಯಾಮೆ ಸಾಕು ಎಂದಾಗ ಏಳಬೇಕು. ಕಾಲೊಲೈನೆಗೆ ವಾರದ ದಿನಗಳೂ ಅರ್ಧ ಭಾನುವಾರವಾದವು. ಊಟ ಸೇರುತ್ತಿರಲಿಲ್ಲ. ಮಾತಾಡಿಸಿದರೆ ತಡವಾಗಿ ತಿರುಗುತ್ತಿದ್ದಳು. ಈಗ ಅದು ಕಿವುಡಿನಿಂದಲ್ಲ. ಗುಗ್ಗೆಯಿದ್ದಾಗಲೇ ಚೆನ್ನಾಗಿದ್ದೆ, ಅದನ್ನೇ ವಾಪಸು ತುಂಬಲು ಆಗುತ್ತದೆಯೇ ಎಂದು ಒಂದು ದಿನ ಗಂಡನನ್ನು ಕೇಳಿದಳು. ತಮಾಷೆಯೇನೋ ಎಂದು ತೊಮಾಸಿ ಅವಳ ಮುಖ ನೋಡಿದ. ಅಲ್ಲ ಎಂದು ಗೊತ್ತಾದ ಮೇಲೆ ಅವನಿಗೆ ಭಯವಾಯಿತು.

ಅಕ್ಕನ ಎದುರು ಕೂತು ಹೆಂಡತಿಯ ಸಂಕಟ ಹೇಳಿಕೊಳ್ಳುವುದು ನಮ್ಮಲ್ಲಿ ಇಲ್ಲ. ಅವನು ಲೂಪೆಯನ್ನು ಕಳಿಸಿದ. ಲೂಪೆ, ನರ್ಸುಗಳು ಕಿವಿಗೆ ನೀರು ಬಿಟ್ಟದ್ದರಿಂದ ಹಿಡಿದು ಎಲ್ಲ ಹೇಳಿದಳು. ಕೊನೆಗೆ, "ದಿಮ್ಮಿ ತರಿಸ್ಕೊಂಡ್ರಲ್ಲ, ಆ ಕಿವೀನೂ ತರಿಸ್ಕೊಂಡುಬಿಡಿ," ಎಂದು ಬಂದಳಂತೆ.

ಮುಂದಿನ ಭಾನುವಾರ, ಊರು ಉಂಡು ಮಲಗಿದ ಹೊತ್ತಿಗೆ ಮೆಲಿಯಾಮೆ ಬಂದಳು. ಕಾಲೊಲೈನೆ ಚಾಪೆ ಹಾಸಿ, ಬೀಸಣಿಗೆ ತೆಗೆದುಕೊಂಡು ಪಕ್ಕದಲ್ಲಿ ಕೂತಳು.

"ಈಗ್ಲೂ ಇದೆಯಾ?"

"ಇದೆ ಅತ್ತಿಗೆ. ನೀವು ಮಾತಾಡುವಾಗ ಹಿಂದೆ ನಿಂತಿರುತ್ತೆ. ನಿಲ್ಲಿಸಿದ್ರೆ ಮುಂದೆ ಬರುತ್ತೆ."

ಮೆಲಿಯಾಮೆ ಬಗ್ಗಿ ತನ್ನ ಕಿವಿಯನ್ನು ಅವಳ ಬಲಗಿವಿಗೆ ಒತ್ತಿ ಹಿಡಿದಳು. ಬಹಳ ಹೊತ್ತು ಹಾಗೇ ಇದ್ದಳು. ಅವಳಿಗೆ ಏನೂ ಕೇಳಿಸಲಿಲ್ಲ. ಆಮೇಲೆ ಕೈ ಚಾಚಿ ಬೀಸಣಿಗೆ ಕಿತ್ತುಕೊಂಡು, ಆ ಕಿವಿಯ ಪಕ್ಕದಲ್ಲೇ ಬೀಸತೊಡಗಿದಳು. ಒಣಗಿದ ಕೇದಗೆ ಗರಿಯ ಹೆಣಿಗೆ ಚರಚರ ಎಂದಿತು.

ಕಾಲೊಲೈನೆ ಗಾಬರಿಯಿಂದ ಅವಳ ಕೈ ಹಿಡಿದಳು. "ನೀವು ನನಗೆ ಬೀಸೋದಾ? ಬೇಡಿ, ಯಾರಾದ್ರೂ ನೋಡ್ತಾರೆ."

"ನೋಡ್ಲಿ. ಬೀಸೋದು ಕೆಲಸ ಅಲ್ಲ. ಮಲಕ್ಕೋ."

ಕೂಗು ಹೋಗಲಿಲ್ಲ. ಗರಿಯ ಸದ್ದಿನ ಹಿಂದೆ ಸ್ವಲ್ಪ ಸರಿದು ನಿಂತಿತು, ಅಷ್ಟೇ. ಆ ಅಷ್ಟಕ್ಕೇ ಅವಳ ಕಣ್ಣು ಮುಚ್ಚಿತು.

ಎಚ್ಚರವಾದಾಗ ಬೀಸಣಿಗೆ ಚಾಪೆಯ ಮೇಲೆ ಬಿದ್ದಿತ್ತು. ಮೆಲಿಯಾಮೆ ಗೋಡೆಗೊರಗಿ ಕೂತಲ್ಲೇ ನಿದ್ದೆಹೋಗಿದ್ದಳು. ಕಿವಿಯ ಕೂಗು ಮತ್ತೆ ಮುಂದೆ ಬಂದಿತ್ತು. ಎಬ್ಬಿಸಲು ಕಾಲೊಲೈನೆಗೆ ಮನಸ್ಸಾಗಲಿಲ್ಲ. ಬೀಸಣಿಗೆ ಎತ್ತಿಕೊಂಡು, ಅದರ ಸದ್ದು ತನ್ನ ಬಲಗಿವಿಯ ಹತ್ತಿರ ಬರುವಂತೆ ಮಗ್ಗುಲಾಗಿ ಕೂತು ಅತ್ತಿಗೆಗೆ ಬೀಸಿದಳು. ಹೊರಗಿನಿಂದ ಯಾರು ನೋಡಿದರೂ ತಪ್ಪು ಹುಡುಕುವಂತಿರಲಿಲ್ಲ. ಸಂಜೆಯ ಪ್ರಾರ್ಥನೆಯ ಗಂಟೆಗೆ ಇನ್ನೂ ಬಹಳ ಹೊತ್ತಿತ್ತು. ಅವಳು ಕೈ ಬದಲಿಸಿ ಬದಲಿಸಿ ಬೀಸುತ್ತಲೇ ಇದ್ದಳು.