ಬಸವಂತಪ್ಪನವರು ಕಲಿಸಿದ ನಡಿಗೆ

ಬಸವಂತಪ್ಪನವರು ಸ್ಟೂಲಿನ ಮೇಲೆ ಕೂರುವ ರೀತಿ ನೋಡಿ ಮೊದಲ ದಿನವೇ ನನಗೆ ನಗು ತಡೆಯುವುದು ಕಷ್ಟವಾಗಿತ್ತು. ಐವತ್ತರ ಆಸುಪಾಸಿನ ಗಂಡಸು, ಬೆಂಕಿಯ ಝಳಕ್ಕೆ ಸುಟ್ಟು ಅರ್ಧ ಉಳಿದ ಹುಬ್ಬು, ಸೊಂಟಕ್ಕೆ ದಪ್ಪ ಏಪ್ರನ್. ಕೂರುವ ಮುಂಚೆ ಎಡಗೈಯನ್ನು ಹಿಂದಕ್ಕೆ ಒಯ್ದು ಇಲ್ಲದ ಬಟ್ಟೆಯನ್ನು ಒಮ್ಮೆ ಸವರುವರು, ಬಲಗೈಯ ಎರಡು ಬೆರಳಲ್ಲಿ ಮೊಣಕಾಲಿನ ಹತ್ತಿರ ಏನನ್ನೋ ಹಿಡಿದು ಪಕ್ಕಕ್ಕೆ ಸರಿಸುವರು, ಆಮೇಲೆ ಕೂರುವರು. ದಿನಕ್ಕೆ ಇಪ್ಪತ್ತು ಸಲ ಕೂತರೆ ಇಪ್ಪತ್ತು ಸಲವೂ ಹೀಗೆಯೇ. ಗದಗಿನ ಕಡೆಯವರು, ಧೋತರ ಉಟ್ಟು ಬೆಳೆದವರು, ಆ ಅಭ್ಯಾಸ ಪ್ಯಾಂಟಿಗೂ ಅಂಟಿಕೊಂಡಿದೆ ಎಂದು ನಾನೇ ಒಂದು ಕಾರಣ ಕಟ್ಟಿಕೊಂಡು ಸುಮ್ಮನಾದೆ.

ಅದು ಪ್ರಿನ್ಸ್‌ಟನ್ ಪಕ್ಕದ ಒಂದು ಔಷಧ ಕಂಪನಿಯ ಲ್ಯಾಬು. ನಾನು ಮೈಸೂರಿನಲ್ಲಿ ಕೆಮಿಸ್ಟ್ರಿ ಓದಿ, ಮದುವೆಯಾಗಿ, ಅರವತ್ತೊಂಬತ್ತರಲ್ಲಿ ನ್ಯೂಜೆರ್ಸಿಗೆ ಬಂದು, ಸೆರಗನ್ನು ಲ್ಯಾಬ್ ಕೋಟಿನೊಳಗೆ ತುರುಕಿಕೊಂಡು ಅಲ್ಲಿ ಕೆಲಸಕ್ಕೆ ಸೇರಿದ್ದೆ. ಬಸವಂತಪ್ಪನವರು ಅಲ್ಲಿಯ ಗ್ಲಾಸ್ ಬ್ಲೋವರ್. ನಮಗೆ ಬೇಕಾದ ಫ್ಲಾಸ್ಕು, ಸುರುಳಿ ಕೊಳವೆಗಳನ್ನೆಲ್ಲ ಬೆಂಕಿಯ ಮುಂದೆ ಕೂತು ಊದಿ ಮಾಡಿಕೊಡುವುದು, ಒಡೆದದ್ದನ್ನು ಜೋಡಿಸುವುದು ಅವರ ಕೆಲಸ. ಬೆಂಗಳೂರಿನ ಒಂದು ವರ್ಕ್‌ಶಾಪಿನಲ್ಲಿ ಆ ವಿದ್ಯೆ ಕಲಿತು, ಅಲ್ಲಿಗೆ ಬಂದಿದ್ದ ಅಮೆರಿಕದ ವಿಜ್ಞಾನಿಯೊಬ್ಬರ ಕಣ್ಣಿಗೆ ಬಿದ್ದು ಇಲ್ಲಿಗೆ ಬಂದವರು. ಒಡೆಯುವುದರಲ್ಲಿ ನನ್ನದು ಎತ್ತಿದ ಕೈ. ವಾರಕ್ಕೊಮ್ಮೆ ಚೂರುಗಳನ್ನು ಟ್ರೇಯಲ್ಲಿಟ್ಟುಕೊಂಡು ಹೋಗಿ ಅವರ ಮುಂದೆ ನಿಲ್ಲುತ್ತಿದ್ದೆ. "ತಂಗಿ, ಗಾಜಿನ ಮ್ಯಾಲೆ ಸಿಟ್ಟು ಮಾಡಬ್ಯಾಡ, ಅದಕ್ಕ ನಿನಕಿಂತ ಜಾಸ್ತಿ ಸಿಟ್ಟು ಅದ" ಎನ್ನುವರು. ಬೈಗುಳವೆಂದರೆ ಅಷ್ಟೇ.

ಆಗ ಈ ಕಡೆಯೆಲ್ಲ ಸೇರಿ ನಮ್ಮವರು ಇಪ್ಪತ್ತು ಮನೆಯವರಿದ್ದೆವೋ ಏನೋ. ತಿಂಗಳಿಗೊಮ್ಮೆ ಒಂದು ಶಾಲೆಯ ನೆಲಮಾಳಿಗೆಯಲ್ಲಿ ಸೇರಿ, ಆರಿದ ಬಿಸಿಬೇಳೆಭಾತು ತಿಂದು, ಹಾಡು ಬಂದವರು ಬರದವರು ಎಲ್ಲರೂ ಹಾಡಿ ಮನೆಗೆ ಹೋಗುತ್ತಿದ್ದೆವು. ಎಲ್ಲ ಡಾಕ್ಟರುಗಳು, ಇಂಜಿನಿಯರುಗಳು. ಡಿಗ್ರಿ ಇಲ್ಲದ ಬಸವಂತಪ್ಪನವರು ಹಿಂದಿನ ಸಾಲಿನಲ್ಲಿ ಹೆಂಡತಿ ನೀಲವ್ವನ ಜೊತೆ ಕೂತಿರುತ್ತಿದ್ದರು. ಎಷ್ಟು ಕರೆದರೂ ಹಾಡುತ್ತಿರಲಿಲ್ಲ. ನಮ್ಮ ಜನಕ್ಕೆ ಅವರ ನೆನಪಾಗುತ್ತಿದ್ದುದು ನಲ್ಲಿ ಸೋರಿದಾಗ. ಓಲ್ಡ್ ಬ್ರಿಡ್ಜ್ ಎಂಬ ಊರಿನ ಡಾಕ್ಟರ್ ಕುಲಕರ್ಣಿಯವರಂತೂ ಪ್ಲಂಬರನ್ನು ಕರೆಸಿದ್ದನ್ನು ನಾನು ಕಾಣೆ. ಫೋನು ಬಂದರೆ ಬಸವಂತಪ್ಪನವರು ನಲ್ಲಿ ಬಿಚ್ಚುವ ಪಾನಾ ಎತ್ತಿಕೊಂಡು ಹೊರಡುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮ ಲ್ಯಾಬಿನ ಮುಖ್ಯಸ್ಥ ವಾಲ್ಟರ್‌ಗೆ ಕೆಮಿಸ್ಟ್ರಿ ಹೊಟ್ಟೆಪಾಡು, ಸಂಗೀತ ಹುಚ್ಚು. ಮುನ್ನೂರು ವರ್ಷದ ಹಿಂದಿನ ಇಟಲಿಯ ಒಂದು ಹಾಸ್ಯ ಆಪೆರಾದ ಹಸ್ತಪ್ರತಿಯ ನಕಲನ್ನು ಅವರು ಎಲ್ಲಿಂದಲೋ ತರಿಸಿಕೊಂಡಿದ್ದರು. ಆಪೆರಾ ಎಂದರೆ ಮಾತೆಲ್ಲ ಹಾಡೇ ಆಗಿರುವ ನಾಟಕ. ಇದನ್ನು ಯಾರೂ ಆಡಿದ್ದೇ ಇಲ್ಲವೆನ್ನುವಷ್ಟು ಅಪರೂಪವಂತೆ. ಎರಡು ಚಳಿಗಾಲ ಕೂತು ಅದನ್ನು ಇಂಗ್ಲಿಷಿಗೆ ತಂದು, ಊರಿನ ಹವ್ಯಾಸಿ ಹಾಡುಗಾರರನ್ನು ಸೇರಿಸಿ, ಎಪ್ಪತ್ತನಾಲ್ಕರ ವಸಂತದಲ್ಲಿ ಹೈಸ್ಕೂಲಿನ ಹಾಲಿನಲ್ಲಿ ಎರಡು ಶನಿವಾರ ಆಡಿಸುವುದೆಂದು ನಿಶ್ಚಯಿಸಿದರು. ಬಟ್ಟೆ ಹೊಲಿಯಲು ನನ್ನನ್ನು ಕೇಳಿದರು. ಭಾರತದ ಹೆಂಗಸೆಂದಮೇಲೆ ಹೊಲಿಗೆ ಬರಲೇಬೇಕು ಎಂಬುದು ಅವರ ಲೆಕ್ಕ. ನನಗೆ ಗುಂಡಿ ಹಚ್ಚಲೂ ಬಾರದು. ಈ ಕಷ್ಟವನ್ನು ಬಸವಂತಪ್ಪನವರ ಮುಂದೆ ಹೇಳಿಕೊಂಡೆ. ಹೊಲಿಯಲು ತಾವೇ ಬರುವುದಾಗಿ, ಆದರೆ ತಮ್ಮ ಹೆಸರು ಎಲ್ಲಿಯೂ ಹಾಕಕೂಡದೆಂದು ಅವರು ಹೇಳಿದರು.

ಆ ಆಪೆರಾದಲ್ಲಿ ಒಬ್ಬಳು ಮುದುಕಿ ದಾದಿ. ಆ ಪಾತ್ರವನ್ನು ಬರೆದಿರುವುದೇ ಗಂಡಸಿನ ಕಂಠಕ್ಕೆ, ಗಂಡಸೇ ಹೆಣ್ಣುಡುಗೆ ತೊಟ್ಟು ಹಾಡಬೇಕು. ಅದಕ್ಕೆ ಸಿಕ್ಕವನು ಡೇನಿಯಲ್ ಎಂಬ ಡ್ರಿಲ್ ಮಾಸ್ತರು. ಆರಡಿ ಎತ್ತರ, ಒಳ್ಳೆಯ ಕಂಠ. ಅವನು ರವಿಕೆಯೊಳಗೆ ಎರಡು ಬಲೂನು ಇಟ್ಟುಕೊಂಡು, ಸೊಂಟ ಕುಣಿಸುತ್ತ, ಕೀರಲು ದನಿ ತೆಗೆದು ರಿಹರ್ಸಲ್ಲಿನಲ್ಲಿ ಎಲ್ಲರನ್ನೂ ನಗಿಸುತ್ತಿದ್ದ. ನಾನೂ ನಕ್ಕೆ. ಬಸವಂತಪ್ಪನವರು ಮಾತ್ರ ಮೂಲೆಯಲ್ಲಿ ಲಂಗಕ್ಕೆ ನೆರಿಗೆ ಹಿಡಿಯುತ್ತ, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ತಲೆಯೆತ್ತದೆ ಕೂತಿದ್ದರು. ಮೂರನೆಯ ದಿನ ಸೂಜಿಗಳನ್ನು ಒಂದೊಂದಾಗಿ ತೆಗೆದು ಬಟ್ಟೆಗೆ ಚುಚ್ಚಿ ನನ್ನ ಕಡೆ ತಿರುಗಿದರು.

"ತಂಗಿ, ಆ ಮುದುಕಿ ಮಂದಿನ ನಗಸಾಕ ಬಂದಿಲ್ಲ. ಆಕಿಗೆ ಸಿಟ್ಟು ಬಂದದ, ತನ್ನ ಕಡೆ ಈಗ ಯಾರೂ ನೋಡವಲ್ಲರು ಅಂತ. ನಗೋದು ಮಂದಿ ಕೆಲಸ, ಆಕೀದಲ್ಲ."

ಹಾಗಂತ ಹೇಳಿ ಎದ್ದರು. ಮಿಕ್ಕಿದ್ದ ಬಟ್ಟೆಯ ತುಂಡೊಂದನ್ನು ಅಂಗಿಯ ಮೇಲೆ ಹೊದ್ದು ರಂಗದ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರು. ಸೊಂಟ ಕುಣಿಸಲಿಲ್ಲ, ಕಣ್ಣು ಮಿಟುಕಿಸಲಿಲ್ಲ. ಒಂದು ಕಾಲದಲ್ಲಿ ಚೆಲುವೆಯಾಗಿದ್ದು ಈಗ ಮಂಡಿನೋವು ಬಂದಿರುವ ಒಬ್ಬ ಹೆಂಗಸು ನಮ್ಮೆದುರಿಗೆ ನಡೆದುಹೋದಳು. ಕುರ್ಚಿಯ ಹತ್ತಿರ ಬಂದು, ಎಡಗೈಯಿಂದ ಹಿಂದೆ ಸವರಿ, ಎರಡು ಬೆರಳಲ್ಲಿ ನಿರಿಗೆ ಹಿಡಿದು ಸರಿಸಿ, ಕೂತಳು. ಐದು ವರ್ಷದಿಂದ ದಿನಾ ನೋಡಿದ್ದು ಏನೆಂದು ಆಗ ನನಗೆ ತಿಳಿಯಿತು. ಡೇನಿಯಲ್ ರವಿಕೆಯೊಳಗೆ ಕೈಹಾಕಿ ಬಲೂನುಗಳನ್ನು ತೆಗೆದು ಪಕ್ಕಕ್ಕಿಟ್ಟ.

ಮನೆಗೆ ಡ್ರೈವ್ ಮಾಡುವಾಗ ಕಾರಿನಲ್ಲಿ ಅವರೇ ಬಾಯಿಬಿಟ್ಟರು. ಹನ್ನೊಂದನೆಯ ವಯಸ್ಸಿಗೆ ನಾಟಕ ಕಂಪನಿ ಸೇರಿದವರು, ಹನ್ನೆರಡು ವರ್ಷ ಸ್ತ್ರೀ ಪಾರ್ಟು. ಕಂಪನಿಯ ಮಾಲೀಕರು ಮೊದಲ ಒಂದು ತಿಂಗಳು ಬಾವಿಕಟ್ಟೆಯ ಹತ್ತಿರ ಕೂರಿಸಿ, ಹೆಣ್ಣುಮಕ್ಕಳು ಕೊಡ ಹೇಗೆ ಎತ್ತುತ್ತಾರೆ, ಹೇಗೆ ನಿಟ್ಟುಸಿರು ಬಿಡುತ್ತಾರೆ ಎಂದು ಬರೀ ನೋಡಿಸಿದರಂತೆ. ಆಮೇಲೆ ಕಂಪನಿಗಳಿಗೆ ಹೆಣ್ಣುಮಕ್ಕಳೇ ಬಂದರು. ಬರಬೇಕಾದವರೇ ಎಂದರು ಬಸವಂತಪ್ಪನವರು, ಅದರಲ್ಲಿ ಅವರಿಗೆ ದೂರಿರಲಿಲ್ಲ. ನೋವಿದ್ದದ್ದು ಬೆಂಗಳೂರಿನದು. ವರ್ಕ್‌ಶಾಪಿನಲ್ಲಿ ಯಾರಿಗೋ ಗೊತ್ತಾಗಿ, ಊಟಕ್ಕೆ ಕೂತರೆ "ಬಸಮ್ಮಾ, ಬಡಿಸಮ್ಮಾ" ಎಂದು ಸಿಳ್ಳೆ ಹಾಕುತ್ತಿದ್ದರಂತೆ. ಮದುವೆಯಾಗಿ ಎರಡು ವರ್ಷದ ಮೇಲೆ ನೀಲವ್ವನಿಗೂ ತಿಳಿದು ಒಂದು ವಾರ ಮಾತುಬಿಟ್ಟರಂತೆ. ಅಲ್ಲಿಂದೀಚೆಗೆ ಮನೆಯಲ್ಲಿ ಆ ಸುದ್ದಿಯೇ ಇಲ್ಲ. ಡಿಗ್ರಿ ಇಲ್ಲದವನೆಂದು ನಮ್ಮವರು ಮೊದಲೇ ಹಿಂದಿನ ಸಾಲಿನಲ್ಲಿ ಕೂರಿಸಿದ್ದಾರೆ, ಇದೂ ತಿಳಿದರೆ ಅಲ್ಲಿಯೂ ಕೂರುವಂತಿಲ್ಲ, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡರು.

ಆದರೆ ಕಲಿಸುವುದನ್ನು ಬಿಡಲಿಲ್ಲ. ಇಲ್ಲಿ ಬಾವಿಕಟ್ಟೆ ಎಲ್ಲಿಂದ ಬರಬೇಕು, ಡೇನಿಯಲ್‌ನನ್ನು ಊರವರು ಬಟ್ಟೆ ಒಗೆಯುವ ಲಾಂಡ್ರೊಮ್ಯಾಟಿಗೆ ಕಳಿಸಿದರು. ಪಾಪ, ಅವನು ನಾಲ್ಕು ಶನಿವಾರ ಒಗೆಯಲು ಏನೂ ಇಲ್ಲದೆ ಅಲ್ಲಿ ಹೋಗಿ ಕೂತು, ಮುದುಕಿಯರು ಒದ್ದೆ ಹೊದಿಕೆ ಎತ್ತುವುದನ್ನು, ಬೆನ್ನು ಹಿಡಿದುಕೊಳ್ಳುವುದನ್ನು ನೋಡಿಬಂದು ಒಪ್ಪಿಸಬೇಕು. "ನೀ ಹೆಂಗಸು ಆಗಬ್ಯಾಡ, ಹೆಂಗಸಿಗೆ ಮರ್ಯಾದಿ ಕೊಡು, ಸಾಕು" ಎಂಬ ಅವರ ಮಾತನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಡೇನಿಯಲ್ ಅದನ್ನು ತನ್ನ ಹಾಡಿನ ಪುಸ್ತಕದ ಮೇಲೆ ಬರೆದುಕೊಂಡ.

ತಪ್ಪು ಮಾಡಿದವಳು ನಾನು. ಆಣೆ ಮುರಿಯಲಿಲ್ಲ, ಆದರೆ ಹೆಮ್ಮೆ ತಡೆಯಲಾರದೆ ನಮ್ಮ ಇಪ್ಪತ್ತು ಮನೆಯವರಿಗೂ ಆಪೆರಾ ನೋಡಲು ಬನ್ನಿ ಎಂದು ಹೇಳಿಬಿಟ್ಟೆ. ಬಸವಂತಪ್ಪನವರ ಮುಖ ಬಿಳಿಚಿಕೊಂಡಿತು. ಕರೆಯಬಾರದಿತ್ತು ಎಂದಷ್ಟೇ ಹೇಳಿದರು. ಮೊದಲ ಆಟದ ಶನಿವಾರ ರಂಗದ ಪಕ್ಕದ ಸೈಡ್ ವಿಂಗಿನ ಒಳಗೆ ಹೋದವರು ಆಟ ಮುಗಿಯುವವರೆಗೆ ಹೊರಗೆ ತಲೆಹಾಕಲಿಲ್ಲ.

ಡಾಕ್ಟರ್ ಕುಲಕರ್ಣಿಯವರು ಊರಿನಿಂದ ಬಂದಿದ್ದ ತಾಯಿ ಗಂಗಾಬಾಯಿಯವರನ್ನೂ ಕರೆತಂದಿದ್ದರು. ಹುಬ್ಬಳ್ಳಿಯ ಹೆಂಗಸು, ಆರು ತಿಂಗಳಿಂದ ಟಿವಿ ನೋಡಿ ನೋಡಿ ಬೇಸತ್ತಿದ್ದವರು, ನನ್ನ ಪಕ್ಕದಲ್ಲಿ ಕೂತರು. ಮೊದಲ ಅಂಕ ಏಳಲೇ ಇಲ್ಲ. ಹಾಸ್ಯ ಆಪೆರಾ ಎಂದು ಬರೆದಿದ್ದರೂ, ಹಳೆಯ ಕಾಲದ್ದು, ಗೌರವದಿಂದಿರಬೇಕು ಎಂದು ಜನ ಚರ್ಚಿನಲ್ಲಿ ಕೂತ ಹಾಗೆ ಕೂತಿದ್ದರು. ಹಳೆಯ ಕಾಲದ ಪಿಯಾನೋದಂಥ ಹಾರ್ಪ್ಸಿಕಾರ್ಡಿನ ಮುಂದೆ ವಾಲ್ಟರ್ ಬೆವರುತ್ತಿದ್ದರು. ಎರಡನೆಯ ಅಂಕದಲ್ಲಿ ಡೇನಿಯಲ್ ಬಂದ. ರಂಗದ ಉದ್ದಕ್ಕೂ ನಡೆದ. ಕುರ್ಚಿಯ ಹತ್ತಿರ ಹಿಂದೆ ಸವರಿ, ನಿರಿಗೆ ಸರಿಸಿ, ಕೂತ. ಗಂಗಾಬಾಯಿ ನನ್ನ ಮುಂಗೈ ಗಟ್ಟಿಯಾಗಿ ಹಿಡಿದರು.

"ಈ ನಡಿಗಿ ನಾ ನೋಡೇನಿ. ಇದು ನಮ್ಮ ಮಾಸ್ಟರ್ ಬಸವಂತಂದು. ಈ ಬಿಳೀ ಹುಡುಗಗ ಹ್ಯಾಂಗ ಬಂತು?"

ಅಷ್ಟರಲ್ಲಿ ದಾದಿಯ ಹಾಡು ಶುರುವಾಗಿತ್ತು. ನನ್ನ ಕಿಟಕಿಯ ಕೆಳಗೂ ಒಂದು ಕಾಲದಲ್ಲಿ ಗಂಡಸರು ನಿಂತು ಕಾಯುತ್ತಿದ್ದರು ಎಂದು ಅವಳು ಸಿಟ್ಟಿನಿಂದ ಹೇಳಿಕೊಳ್ಳುವ ಹಾಡು. ಹಾಡು ಮುಗಿದು ಹಾಲಿನಲ್ಲಿ ಸೂಜಿ ಬಿದ್ದರೂ ಕೇಳುವಂತಿದ್ದಾಗ ಗಂಗಾಬಾಯಿ ಎದ್ದು ನಿಂತು, "ಒನ್ಸ್ ಮೋರ್" ಎಂದು ಗಟ್ಟಿಯಾಗಿ ಕೂಗಿದರು. ನಮ್ಮ ಕಂಪನಿ ನಾಟಕಗಳಲ್ಲಿ ಒನ್ಸ್ ಮೋರ್ ಬಂದರೆ ಸತ್ತು ಬಿದ್ದ ರಾಜನೂ ಎದ್ದು ಇನ್ನೊಮ್ಮೆ ಹಾಡಬೇಕು. ಕುಲಕರ್ಣಿಯವರು ತಾಯಿಯ ಸೆರಗು ಹಿಡಿದು ಎಳೆದರೂ ಅವರು ಕೂರಲಿಲ್ಲ. ಡೇನಿಯಲ್ ಏನು ಮಾಡಬೇಕೆಂದು ಸೈಡ್ ವಿಂಗಿನ ಕಡೆ ನೋಡಿದ. ಅಲ್ಲಿಂದ ಏನು ಸನ್ನೆ ಬಂತೋ, ಎದ್ದು, ಬಂದ ಕಡೆಗೇ ಹಿಂದಿರುಗಿ, ಮತ್ತೆ ನಡೆದುಬಂದು, ಮತ್ತೆ ಕೂತು, ವಾಲ್ಟರ್ ಕಡೆ ತಲೆ ಅಲ್ಲಾಡಿಸಿದ. ಎರಡನೆಯ ಸಲಕ್ಕೆ ಹಾಲಿನಲ್ಲಿದ್ದವರೆಲ್ಲ ನಕ್ಕರು. ಬಲೂನಿಗೆ ನಗುವ ನಗು ಅದಲ್ಲ, ಆ ಮುದುಕಿಯ ಪಕ್ಷ ವಹಿಸಿ ನಕ್ಕ ನಗು. ಮೂರನೆಯ ಅಂಕದ ಹೊತ್ತಿಗೆ ಅಮೆರಿಕನ್ನರೇ ಒನ್ಸ್ ಮೋರ್ ಕೂಗುತ್ತಿದ್ದರು. ಮುನ್ನೂರು ವರ್ಷದ ಹಿಂದೆಯೂ ಜನ ಹೀಗೆಯೇ ಮತ್ತೆ ಹಾಡಿಸುತ್ತಿದ್ದರೆಂದು ಓದಿದ್ದೆ, ಕಣ್ಣಾರೆ ಕಂಡದ್ದು ಇವತ್ತು ಎಂದು ವಾಲ್ಟರ್ ಆಮೇಲೆ ನನ್ನ ಹತ್ತಿರ ಹೇಳಿದರು.

ಆಟ ಮುಗಿದ ಮೇಲೆ ಹಾಲಿನ ಬಾಗಿಲಲ್ಲಿ ಗಂಗಾಬಾಯಿ ನನ್ನನ್ನು ಬಿಡಲೊಲ್ಲರು. ಯಾರು ಕಲಿಸಿದರು ಹೇಳು ಎಂದು ಒಂದೇ ಹಟ. ಆಣೆ ನೆನೆದು, ಜನ್ಮದಲ್ಲಿ ಮೊದಲ ಸಲ ನಾನು ಬಾಯಿಮುಚ್ಚಿಕೊಂಡಿದ್ದೆ. ಆಗ ಬಸವಂತಪ್ಪನವರು ತಾವಾಗಿಯೇ ಹೊರಗೆ ಬಂದರು. ಅಂಗಿಯ ಎದೆಗೆ ಇನ್ನೂ ಗುಂಡುಸೂಜಿಗಳು ಚುಚ್ಚಿಕೊಂಡಿದ್ದವು. ಎಲ್ಲ ಡಾಕ್ಟರುಗಳು, ಇಂಜಿನಿಯರುಗಳು ನೋಡುತ್ತಿದ್ದಂತೆ ಕೈಮುಗಿದು, "ನಾನಽ ಅವ್ವಾರ" ಎಂದರು.

ಗಂಗಾಬಾಯಿ ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ಮಗನಿಗೆ ಕೇಳಿಸುವ ಹಾಗೆ ನಿಧಾನವಾಗಿ ಹೇಳಿದರು. "ಹುಬ್ಬಳ್ಳ್ಯಾಗ ಇವರ ನಾಟಕ ನೋಡಿ ಬಂದು ಒಂದು ವಾರ ಕನ್ನಡಿ ಮುಂದ ನಿಂತು ಸೀರಿ ಉಡೋದು ಕಲ್ತೇನಿ. ನಾ ಒಬ್ಬಾಕಿ ಅಲ್ಲ, ನಮ್ಮ ಓಣಿ ಹೆಣ್ಮಕ್ಕಳೆಲ್ಲ ಸೆರಗು ಹೊದಿಯೋದು ಇವರನ್ನ ನೋಡೇ ಕಲ್ತದ್ದು. ಕೈ ಮುಗಿಯೋದು ನಾವು, ನೀವಲ್ಲ." ಹಾಗೆಂದು ಅವರೇ ಕೈಮುಗಿದರು. ಡಾಕ್ಟರ್ ಕುಲಕರ್ಣಿ ಕಾರು ತರುತ್ತೇನೆಂದು ಹೊರಟುಹೋದರು. ಬಸವಂತಪ್ಪನವರ ಕಣ್ಣು ತುಂಬಿತ್ತು, ನನ್ನದೂ ಅಷ್ಟೇ. ನೀಲವ್ವ ದೂರದಲ್ಲಿ ಗೋಡೆಗೆ ಒರಗಿ ನಿಂತಿದ್ದರು. ಅವರ ಮುಖದಲ್ಲಿ ಏನಿತ್ತೆಂದು ನನಗೆ ಓದಲಾಗಲಿಲ್ಲ.

ಮರು ಶನಿವಾರದ ಆಟಕ್ಕೆ ಪ್ರತಿಯೊಂದು ಕಾರ್ಯಕ್ರಮ ಪತ್ರಿಕೆಯಲ್ಲೂ ಒಂದು ಚೀಟಿ ಇತ್ತು. ಅದರಲ್ಲಿದ್ದದ್ದು ಅವರೇ ಹೇಳಿ ನನ್ನಿಂದ ಟೈಪ್ ಮಾಡಿಸಿದ ಒಂದು ಸಾಲು, ನಡಿಗೆ ಕಲಿಸಿದವರು ಮಾಸ್ಟರ್ ಬಸವಂತ, ಗದಗ. ಆಮೇಲೆ ನಮ್ಮವರ ಕೂಟದಲ್ಲಿ ಅವರನ್ನು ಮುಂದಿನ ಸಾಲಿಗೆ ಕರೆಯುವವರು ಹೆಚ್ಚಾದರು, ನಲ್ಲಿ ರಿಪೇರಿಗೆ ಕರೆಯುವುದು ನಿಂತೇಹೋಯಿತು. ಒಂದು ರಂಗಗೀತೆ ಹಾಡಿ ಎಂದು ದುಂಬಾಲು ಬಿದ್ದವರಿಗೆ, ಬಿಸಿಬೇಳೆಭಾತಿನ ನಡುವೆ ತಾವು ಹಾಡುವವರಲ್ಲ ಎಂದು ನಗುತ್ತ ಹೇಳಿದರು. ಆ ಗತ್ತು ನನಗೆ ಬಲು ಇಷ್ಟವಾಯಿತು.

ಎಪ್ಪತ್ತೊಂಬತ್ತರ ಜನವರಿಯಲ್ಲಿ ಒಂದು ಬೆಳಿಗ್ಗೆ, ಮನೆ ಮುಂದಿನ ಹಿಮ ತೆಗೆಯುತ್ತಿದ್ದಾಗ, ಎದೆ ಹಿಡಿದುಕೊಂಡು ಕುಸಿದವರು ಏಳಲಿಲ್ಲ. ಅವರ ಮಗ ಕ್ಯಾಲಿಫೋರ್ನಿಯಾದಿಂದ ಇನ್ನೂ ಬರಬೇಕಿತ್ತು. ನೀಲವ್ವನನ್ನೂ ನನ್ನನ್ನೂ ಡೇನಿಯಲ್ ತನ್ನ ಕಾರಿನಲ್ಲಿ ಶವಸಂಸ್ಕಾರದ ಏರ್ಪಾಡು ಮಾಡುವ ಫ್ಯೂನರಲ್ ಹೋಮಿಗೆ ಕರೆದೊಯ್ದ. ಅಲ್ಲಿಯ ಮನುಷ್ಯ ಮರಣಪತ್ರದ ವಿವರಗಳನ್ನು ಒಂದೊಂದಾಗಿ ಕೇಳುತ್ತ, ಉದ್ಯೋಗ ಏನೆಂದ. ಗ್ಲಾಸ್ ಬ್ಲೋವರ್ ಎಂದೆ. ಅವನು ಬರೆಯತೊಡಗಿದ.

ನೀಲವ್ವನಿಗೆ ಅಷ್ಟು ಇಂಗ್ಲಿಷು ತಿಳಿಯುತ್ತಿತ್ತು. ನನ್ನ ಕೈ ಹಿಡಿದು, "ನಾಟಕದವರು ಅಂತ ಬರಸು" ಎಂದರು.

ಬಹಳ ವರ್ಷ ಮಾಡಿದ ಕೆಲಸವನ್ನೇ ಅಲ್ಲಿ ಬರೆಯಬೇಕಂತೆ ಎಂದು ಅವರಿಗೆ ತಿಳಿಸಿ ಹೇಳಿದೆ.

"ಗಾಜು ಹೊಟ್ಟಿಪಾಡು. ಇಪ್ಪತ್ತೈದು ವರ್ಷ ದಿನಾ ಸೀರಿ ಉಟ್ಟವರಂಗ ಕುಂತಾರ ನನ್ನ ಮನ್ಯಾಗ. ನಾ ನೋಡಿನೂ ನೋಡದಂಗ ಇದ್ದೆ. ಬರಸು."

ನಾನು ಹೇಳಿದೆ. ಅವನು ಬರೆದದ್ದನ್ನು ಹೊಡೆದುಹಾಕಿ ನಟ ಎಂದು ಬರೆದ. ಎಂಥ ಪಾತ್ರಗಳು ಎಂದು ಸೌಜನ್ಯಕ್ಕೆ ಕೇಳಿದ. ನಾನು ನೀಲವ್ವನ ಮುಖ ನೋಡಿದೆ.

"ಹೆಣ್ಣಿನ ಪಾರ್ಟು" ಎಂದರು ನೀಲವ್ವ, ತಲೆಯೆತ್ತಿ. ಆಮೇಲೆ ಪೆನ್ನು ಇಸಿದುಕೊಂಡು ಕನ್ನಡದಲ್ಲಿ ಸಹಿ ಹಾಕಿದರು.