ಕತ್ತರಿ ಅಕ್ಕನ ತೊಟ್ಟಿಗೆ ಬಂದ ನಕ್ಷತ್ರಮೀನು

ಮಕ್ಕಳ ಕೂದಲು ಕತ್ತರಿಸುವ ಆ ಪುಟ್ಟ ಅಂಗಡಿಯವಳನ್ನು ಬೀದಿಯವರೆಲ್ಲ ಕರೆಯುತ್ತಿದ್ದುದು ಕತ್ತರಿ ಅಕ್ಕ ಎಂದೇ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಕುರ್ಚಿ ಹತ್ತಿದ ಮಗುವಿನ ಮೇಲೆ ಒಂದು ದಿನವೂ ತೋರಿಸಿದವಳಲ್ಲ. ಕನ್ನಡಿ ಇರಬೇಕಾದ ಕಡೆ ಅವಳು ಉಪ್ಪುನೀರಿನ ಗಾಜಿನ ತೊಟ್ಟಿ ಇಟ್ಟಿದ್ದಳು. ಒಳಗೆ ಮೆತ್ತನೆಯ ಹವಳ, ನೀರು ಅಲುಗಿದಂತೆಲ್ಲ ಬೆರಳಾಡಿಸುವಂಥದ್ದು. ಎಂಥ ರಚ್ಚೆ ಹಿಡಿದ ಮಗುವೂ ಅದನ್ನೇ ನೋಡುತ್ತ ಕತ್ತು ಅಲುಗಿಸದೆ ಕೂರುತ್ತಿತ್ತು. ಉಗುರಿನಷ್ಟಿದ್ದ ಚೂರನ್ನು ತಂದು, ಅದನ್ನು ಬಿಟ್ಟು ನೆಂಟರ ಮನೆಯಲ್ಲಿ ಒಂದು ರಾತ್ರಿಯೂ ನಿಲ್ಲದೆ, ವರ್ಷಗಟ್ಟಲೆ ಸಾಕಿ ಅಂಗೈಯಗಲ ಮಾಡಿದ್ದಳು. ಅವಳ ಕಸುಬು ನಿಂತಿದ್ದೇ ಅದರ ಮೇಲೆ.

ಅವಳ ಒಡಹುಟ್ಟಿದ ತಮ್ಮ ಪಕ್ಕದ ಬೀದಿಯಲ್ಲಿ ಬಣ್ಣದ ಮೀನು ಮಾರುತ್ತಿದ್ದ. ಒಂದು ದಿನ ಹಲ್ಲು ಕಿರಿಯುತ್ತ ಬಂದ, ಕೈಯಲ್ಲಿ ನೀರು ತುಂಬಿದ ಚೀಲ. ಒಳಗೆ ಐದು ತೋಳಿನ ನಕ್ಷತ್ರಮೀನು. ಕೆನೆಬಣ್ಣದ ಮೈಮೇಲೆ ಚಾಕೊಲೇಟ್ ಬಣ್ಣದ ಗುಬಟುಗಳು.

"ಅಕ್ಕಾ, ಇದು ಪಾಚಿ ತಿಂದು ಗಾಜನ್ನ ಫಳಫಳ ಮಾಡತ್ತೆ. ನಿನಗೆ ಒರೆಸೋ ಕೆಲಸಾನೇ ಇಲ್ಲ."

ತಮ್ಮನ ಮಾತಲ್ಲವೇ, ನಂಬಿ ದುಡ್ಡು ಕೊಟ್ಟು ತೆಗೆದುಕೊಂಡಳು. ಮಕ್ಕಳು ಅದಕ್ಕೆ ಬಿಸ್ಕತ್ತು ಎಂದು ಹೆಸರಿಟ್ಟರು. ಬಿಸ್ಕತ್ತು ಪಾಚಿಯ ಕಡೆ ತಿರುಗಿಯೂ ನೋಡಲಿಲ್ಲ. ಹೊಸ ಜಾಗ, ಹೊಂದಿಕೊಳ್ಳಲಿ ಎಂದು ಅವಳೂ ಸುಮ್ಮನಿದ್ದಳು.

ಒಂದು ಬೆಳಿಗ್ಗೆ ಕುರ್ಚಿಯಲ್ಲಿದ್ದ ಹುಡುಗಿ ಕಿಟಾರನೆ ಕಿರುಚಿದಳು. "ಅಕ್ಕಾ! ಬಿಸ್ಕತ್ತು ಹವಳಾನ ತಿಂತಾ ಇದೆ!"

ನಿಜ. ಅದು ಹವಳದ ಮೇಲೆ ಕವುಚಿ ಮಲಗಿ, ಹೊಟ್ಟೆಯನ್ನೇ ಬಾಯಿಂದ ಹೊರಗೆ ಚಾಚಿತ್ತು. ಬಿಡಿಸುವಷ್ಟರಲ್ಲಿ ಉಳಿದಿದ್ದು ಬೋಳು ಕಲ್ಲು. ಕತ್ತರಿ ಅಕ್ಕನ ಕಣ್ಣಲ್ಲಿ ನೀರು ತುಂಬಿತು, ಮೈಯೆಲ್ಲ ಉರಿದುಹೋಯಿತು. ನಕ್ಷತ್ರವನ್ನು ನೀರಿನ ಸಮೇತ ಬೋಗುಣಿಗೆ ಹಾಕಿಕೊಂಡು ಚರಂಡಿಯವರೆಗೂ ಹೋದಳು. ಅದರ ಪುಟ್ಟ ಪುಟ್ಟ ಕಾಲುಗಳು ಅವಳ ಹೆಬ್ಬೆರಳನ್ನು ಹಿಡಿದುಕೊಂಡಿದ್ದವು. ಹಸಿದಿದ್ದಕ್ಕೆ ತಿಂದಿತು, ಅದಕ್ಕೇನು ಗೊತ್ತು ಎನ್ನಿಸಿ ವಾಪಸು ಬಂದಳು. ಹಳೆಯ ತೊಟ್ಟಿಯೊಂದನ್ನು ತೊಳೆದು ಉಪ್ಪುನೀರು ತುಂಬಿ ನಕ್ಷತ್ರವನ್ನು ಅದರಲ್ಲಿ ಬೇರೆಯಾಗಿ ಬಿಟ್ಟಳು. ಸಿಗಡಿ ಚೂರು ಹಾಕಿದರೆ ಗಬಗಬನೆ ಆವರಿಸಿಕೊಂಡಿತು.

ಎರಡು ದಿನ ಬಿಟ್ಟು ತಮ್ಮ ಬಂದ, ಕೂದಲು ಕತ್ತರಿಸಿಕೊಳ್ಳಲು. ದೊಡ್ಡವರಲ್ಲಿ ಅವಳ ಕುರ್ಚಿ ಹತ್ತುತ್ತಿದ್ದವನು ಅವನೊಬ್ಬನೇ. ಅವನಿಗೂ ತಿಳಿಯದೆ ಆಗಿರಬಹುದು, ಮೊದಲು ಕೇಳೋಣ ಎಂದುಕೊಂಡೇ ಅವಳು ಬಟ್ಟೆ ಹೊದಿಸಿ ಕತ್ತರಿ ಹಿಡಿದಳು. ತಲೆಯ ಒಂದು ಪಕ್ಕ ಮುಗಿಯುವ ಹೊತ್ತಿಗೆ, ಬಗ್ಗಿಸಿದ್ದ ಕತ್ತು ಎತ್ತಿದ ಅವನ ಕಣ್ಣು ತೊಟ್ಟಿಯ ಮೇಲೆ ಬಿತ್ತು.

"ಅಯ್ಯೋ, ತಿಂದೇಬಿಡ್ತಾ? ಇಷ್ಟು ಬೇಗನಾ?"

ಕತ್ತರಿ ನಿಂತಿತು. "ಹಾಗಾದ್ರೆ ನಿನಗೆ ಗೊತ್ತಿತ್ತು."

"ಗೊತ್ತಿಲ್ದೆ ಏನು? ಅದು ಹವಳ, ಚಿಪ್ಪು ಅಂತ ತಿನ್ನೋದೇ. ಹಾಗಂದ್ರೆ ಯಾರು ತಗೋತಾರೆ ಹೇಳು? ಹವಳ ತಾನೇ, ಬೆಳೆಯತ್ತೆ ಬಿಡು. ಹೊಸ ಚೂರು ನಾನೇ ಕೊಡ್ತೀನಿ, ಕಡಿಮೇಲಿ. ಆ ನಕ್ಷತ್ರ ವಾಪಸ್ ಕೊಡಕ್ಕಾ, ಇನ್ನೊಬ್ಬರು ಹವಳದ ತೊಟ್ಟಿಯವರು ಕೇಳ್ತಿದ್ದಾರೆ."

ನೋಡಿ, ಎಂಥ ನಾಚಿಕೆಗೆಟ್ಟವನು! ಅಕ್ಕನಿಗೇ ಟೋಪಿ ಹಾಕಿದ್ದು ಸಾಲದೆ, ಅದೇ ಬಾಯಲ್ಲಿ ಮತ್ತೊಂದು ವ್ಯಾಪಾರ.

"ನಕ್ಷತ್ರ ಕೊಡಲ್ಲ," ಎಂದಳು ಕತ್ತರಿ ಅಕ್ಕ. "ಅದು ಹೊಟ್ಟೆ ಹಸಿದು ತಿಂತು. ನೀನು ಯಾಕೋ ತಿಂದೆ?"

ಬಟ್ಟೆ ಎಳೆದು ಕೊಡವಿದಳು. "ಏಳು."

ಎದುರಿಗೆ ಕನ್ನಡಿ ಇರಲಿಲ್ಲ. ಅವನು ತಲೆ ತಡವಿ ನೋಡಿಕೊಂಡ. ಒಂದು ಕಡೆ ಬೋಳು, ಇನ್ನೊಂದು ಕಡೆ ಪೊದೆ. "ಅಕ್ಕಾ! ಇನ್ನೂ ಅರ್ಧ ಹಾಗೇ ಇದೆ!"

"ಕೂದಲು ತಾನೇ, ಬೆಳೆಯತ್ತೆ ಬಿಡು," ಎಂದು ಅವಳು ಬೆಂಚಿನ ಮೇಲಿದ್ದ ಮುಂದಿನ ಮಗುವನ್ನು ಕರೆದಳು.